ಕಾರಿನ ವಾಟರ್ ಪಂಪ್: ನೀವೇ ಬದಲಿಸಬೇಕಾ, ಉಸ್ತಾದನಿಗೆ ಕೊಡಬೇಕಾ? ಕಲಬುರಗಿ ಲೆಕ್ಕ

ಮೊದಲು ಉತ್ತರ ಹೇಳಿಬಿಡುತ್ತೇನೆ, ವಿವರ ಆಮೇಲೆ. ಕಲಬುರಗಿಯಲ್ಲಿ ಸಣ್ಣ ಪೆಟ್ರೋಲ್ ಕಾರಿನ ವಾಟರ್ ಪಂಪ್ ನೀವೇ ಕೂತು ಬದಲಿಸಿದರೆ ಉಳಿಯುವುದು ಸುಮಾರು ಎಂಟುನೂರು, ಸಾವಿರ ರೂಪಾಯಿ. ಅಷ್ಟೇ. ಅಮೆರಿಕದ ವಿಡಿಯೋಗಳಲ್ಲಿ "ಮನೆಯಲ್ಲೇ ಮಾಡಿ, ಭಾರಿ ಉಳಿಸಿ" ಅನ್ನುತ್ತಾರಲ್ಲ, ಅಲ್ಲಿ ಅದು ನಿಜ. ಅಲ್ಲಿ ಮಜೂರಿ ದೊಡ್ಡದು, ಸಾಮಾನು ಸಣ್ಣದು. ನಮ್ಮಲ್ಲಿ ಉಲ್ಟಾ. ಪಂಪು, ಕೂಲಂಟು (ಎಂಜಿನ್ ತಣ್ಣಗಿಡುವ ದ್ರವ), ಬೆಲ್ಟು ಇವಕ್ಕೇ ಮುಕ್ಕಾಲು ದುಡ್ಡು ಹೋಗುತ್ತದೆ. ಉಸ್ತಾದನ, ಅಂದರೆ ಮೆಕ್ಯಾನಿಕನ, ಪಾಲು ಸುಮಾರು ಕಾಲು.

ಹಾಗಂತ ಕಣ್ಣು ಮುಚ್ಚಿ ಗಾಡಿ ಬಿಟ್ಟು ಬರಬೇಕು ಅಂತಲ್ಲ. ಈ ಕೆಲಸದಲ್ಲಿ ದುಡ್ಡು ಸೋರುವ ಜಾಗ ಮಜೂರಿ ಅಲ್ಲ, ಬೇರೆ ಇದೆ. ಪಂಪು ಚೆನ್ನಾಗಿದ್ದರೂ ಬದಲಿಸುವುದು, ಡೂಪ್ಲಿಕೇಟ್ ಪಂಪು, ಕೂಲಂಟ್ ಬದಲು ಬೋರ್ ನೀರು, ಒಳಗೆ ಉಳಿದ ಗಾಳಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಎಂಜಿನ್ ಹೆಡ್ಡಿನವರೆಗೆ (ಎಂಜಿನ್ನಿನ ಮೇಲ್ಭಾಗ) ಖರ್ಚು ಹೋಗಬಹುದು. ಆದ್ದರಿಂದ ಪಾನಾ ಯಾರ ಕೈಯಲ್ಲೇ ಇರಲಿ, ಕೆಲಸ ಹೇಗೆ ನಡೆಯಬೇಕು ಅನ್ನುವುದು ನಿಮಗೆ ಗೊತ್ತಿರಬೇಕು.

ನಮ್ಮ ನೀರು, ನಮ್ಮ ಬಿಸಿಲು

ವಾಟರ್ ಪಂಪಿನ ಕೆಲಸ ಸರಳ. ಎಂಜಿನ್ನಿನ ಬಿಸಿ ಕೂಲಂಟನ್ನು ರೇಡಿಯೇಟರಿಗೆ ತಳ್ಳುವುದು, ತಣ್ಣಗಾದದ್ದನ್ನು ವಾಪಸ್ ಎಳೆಯುವುದು. ಒಳಗೆ ಒಂದು ಬೇರಿಂಗು, ಒಂದು ಸೀಲು, ತುದಿಯಲ್ಲಿ ರೆಕ್ಕೆಗಳ ಚಕ್ರ. ಹೊರಗೆ ಬೆಲ್ಟ್ ತಿರುಗಿಸುವ ಪುಲ್ಲಿ. ಕೆಡುವುದು ಹೆಚ್ಚಾಗಿ ಸೀಲು, ಇಲ್ಲವೇ ಬೇರಿಂಗು.

ನಮ್ಮ ಕಡೆ ಸೀಲು ಬೇಗ ಹೋಗಲು ಒಂದು ಕಾರಣವಿದೆ. ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲ ಸುಣ್ಣದ ಕಲ್ಲಿನ ನೆಲ. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೂ ಅದಕ್ಕೇ. ಆ ನೆಲದ ಬೋರ್ ನೀರಲ್ಲಿ ಸುಣ್ಣ ಜಾಸ್ತಿ. ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಆ ಬಿಳಿ ಪದರ ಗೊತ್ತು. ರೇಡಿಯೇಟರಿಗೆ ಅದೇ ನೀರು ಹಾಕುತ್ತಾ ಬಂದರೆ ಅದೇ ಪದರ ಎಂಜಿನ್ನಿನ ಒಳಗೂ ಕೂರುತ್ತದೆ. ಅದರ ಚೂರುಗಳು ಪಂಪಿನ ಸೀಲನ್ನು ಉಜ್ಜಿ ಸವೆಸುತ್ತವೆ. ಬರೀ ನೀರಲ್ಲಿ ತುಕ್ಕು ತಡೆಯುವ ರಾಸಾಯನಿಕವೂ ಇರುವುದಿಲ್ಲ. ಕೆಲವು ವರ್ಷಗಳಾದ ಮೇಲೆ ಪಂಪ್ ಬಿಚ್ಚಿದರೆ ಕಬ್ಬಿಣದ ರೆಕ್ಕೆಗಳು ತಿಂದುಹೋಗಿ ಮೊಂಡಾಗಿರುತ್ತವೆ.

"ಕೂಲಂಟ್ ಚಳಿ ದೇಶಕ್ಕೆ, ನಮಗ್ಯಾಕೆ?" ಎಂದು ಕೇಳುವವರು ಇನ್ನೂ ಇದ್ದಾರೆ. ಕೂಲಂಟ್ ನೀರು ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಸರಿ. ಆದರೆ ಕುದಿಯುವುದನ್ನೂ ತಡೆಯುತ್ತದೆ. ಅರ್ಧ ಕೂಲಂಟ್, ಅರ್ಧ ನೀರು ಬೆರೆಸಿದರೆ ಅದು ಕುದಿಯುವುದು ಸುಮಾರು 106 ಡಿಗ್ರಿಗೆ. ಅದರ ಮೇಲೆ ಒಂದು ಬಾರ್ ಒತ್ತಡ ಹಿಡಿಯುವ ರೇಡಿಯೇಟರ್ ಕ್ಯಾಪ್ ಇದ್ದರೆ ಇನ್ನೂ 20 ಡಿಗ್ರಿ ಮೇಲೇರುತ್ತದೆ. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಲ್ಲಿ, ಏಸಿ ಹಾಕಿಕೊಂಡು, ಐದು ಜನ ಕೂತು ಹುಮನಾಬಾದ್ ರಸ್ತೆಯಲ್ಲಿ ಹೋಗುವಾಗ ಆ 20 ಡಿಗ್ರಿ ಬೇಕೇ ಬೇಕು.

ನಿಜವಾಗಿಯೂ ಪಂಪೇ ಕೆಟ್ಟಿದೆಯಾ?

ಗಾಡಿ ಬಿಸಿಯಾಯಿತು ಅಂದ ತಕ್ಷಣ ಪಂಪ್ ಅನ್ನುವ ಉಸ್ತಾದರಿದ್ದಾರೆ. ಅರ್ಧ ಗಂಟೆ ನೀವೇ ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ.

ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಸೀಲು ಹೋದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಅಂತಲೇ ಇಟ್ಟಿರುವ ತೂತು ಅದು. ಅಲ್ಲಿ ಒಣಗಿದ ಸಣ್ಣ ಕಲೆ ಇದ್ದರೆ ಗಾಬರಿ ಬೇಡ. ಹನಿ ಹನಿಯಾಗಿ ಬೀಳುತ್ತಿದ್ದರೆ, ಅಥವಾ ಹಸಿರು, ಕೆಂಪು ಬಣ್ಣದ ಪುಡಿ ಗಟ್ಟಿಯಾಗಿ ಕೂತಿದ್ದರೆ ಸೀಲು ಹೋಗಿದೆ. ಆ ತೂತಿಗೆ ಎಂ-ಸೀಲ್ ಮೆತ್ತಿ ಕಳಿಸುವ ಜಾಣರೂ ಇದ್ದಾರೆ. ಹಾಗೆ ಮಾಡಿದರೆ ನೀರು ಬೇರಿಂಗಿನ ಒಳಗೆ ಹೋಗುತ್ತದೆ, ನಡುರಸ್ತೆಯಲ್ಲಿ ಪುಲ್ಲಿ ಹಿಡಿದು ಬೆಲ್ಟ್ ಹರಿಯುತ್ತದೆ.

ಆಮೇಲೆ ಪುಲ್ಲಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಟಕ್ ಟಕ್ ಅಂತ ಆಟ ಸಿಕ್ಕರೆ ಬೇರಿಂಗ್ ಹೋಗಿದೆ. ಎಂಜಿನ್ ಓಡುವಾಗ ಗುರ್ ಅನ್ನುವ ಸದ್ದು ಬಂದು, ಬೆಲ್ಟ್ ತೆಗೆದಾಗ ಅದು ನಿಂತರೆ ಅನುಮಾನ ಇನ್ನೂ ಗಟ್ಟಿ. ಆದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೇರಿಂಗೂ ಹೀಗೇ ಸದ್ದು ಮಾಡುತ್ತದೆ. ಎರಡನ್ನೂ ಕೈಯಲ್ಲಿ ತಿರುಗಿಸಿ ನೋಡಿ.

ಸೋರಿಕೆಯೂ ಇಲ್ಲ, ಆಟವೂ ಇಲ್ಲ, ಆದರೂ ಬಿಸಿಯಾಗುತ್ತಿದೆ ಅಂದರೆ ಪಂಪಿಗೆ ಕೈ ಹಾಕುವ ಮೊದಲು ಅಗ್ಗದ ಸಾಮಾನುಗಳ ಕಡೆ ನೋಡಿ. ರೇಡಿಯೇಟರ್ ಕ್ಯಾಪಿನ ರಬ್ಬರ್ ಸೀಳಿದ್ದರೆ ಒತ್ತಡ ನಿಲ್ಲುವುದಿಲ್ಲ. ಕ್ಯಾಪ್ ಕೆಲವು ನೂರು ರೂಪಾಯಿಯ ಮಾಲು. ಫ್ಯಾನ್ ತಿರುಗುತ್ತಿದೆಯಾ? ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಿಸಿಯಾಗಿ, ಹೈವೇಯಲ್ಲಿ ಓಡುವಾಗ ಸರಿಯಾಗುತ್ತಿದ್ದರೆ ತಪ್ಪು ಹೆಚ್ಚಾಗಿ ಫ್ಯಾನಿನದ್ದು, ಅದರ ರಿಲೇಯದ್ದು. ರೇಡಿಯೇಟರಿನ ಮೇಲಿನ ಪೈಪ್ ಕಾದಿದ್ದು ಕೆಳಗಿನದು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ಕೂಲಂಟಿಗೆ ರೇಡಿಯೇಟರಿನ ದಾರಿ ಬಿಡುವ ಕವಾಟ) ತೆರೆಯುತ್ತಿಲ್ಲ, ಅಥವಾ ರೇಡಿಯೇಟರ್ ಕಟ್ಟಿದೆ, ಅಥವಾ ಪಂಪಿನ ರೆಕ್ಕೆ ಸವೆದಿದೆ. ಈ ಮೂರರಲ್ಲಿ ಥರ್ಮೋಸ್ಟಾಟ್ ಅಗ್ಗ. ಅದನ್ನು ಮೊದಲು ನೋಡಿ.

ಇನ್ನೊಂದು ಕೆಟ್ಟ ಸಾಧ್ಯತೆ ಇದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪದಾರ್ಥ, ತಣ್ಣನೆ ಎಂಜಿನ್ ಶುರು ಮಾಡಿದ ತಕ್ಷಣ ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ, ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ. ಇವು ಕಂಡರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿನ ಕೆಳಗಿನ ಪ್ಯಾಕಿಂಗು, ಹೋಗಿರಬಹುದು. ಆಗ ಪಂಪ್ ಬದಲಿಸಿದರೆ ದುಡ್ಡು ದಂಡ.

ನಿಮ್ಮ ಪಂಪ್ ಹೊರಗಿದೆಯಾ, ಟೈಮಿಂಗ್ ಬೆಲ್ಟ್ ಕೆಳಗಿದೆಯಾ?

ನೀವೇ ಮಾಡಬೇಕಾ ಬೇಡವಾ ಅನ್ನುವುದನ್ನು ತೀರ್ಮಾನಿಸುವ ಪ್ರಶ್ನೆ ಇದು. ದುಡ್ಡಿನ ಲೆಕ್ಕ ಇದರ ನಂತರ. ಟೈಮಿಂಗ್ ಬೆಲ್ಟ್ ಅಥವಾ ಚೈನ್ ಅಂದರೆ ವಾಲ್ವುಗಳು ಪಿಸ್ಟನ್ನಿನ ಜೊತೆ ಹೊಂದಿಕೊಂಡು ತೆರೆದು ಮುಚ್ಚುವಂತೆ ನೋಡಿಕೊಳ್ಳುವ, ಕವರಿನ ಹಿಂದಿನ ಪಟ್ಟಿ ಅಥವಾ ಸರಪಳಿ.

ಮಾರುತಿಯ ಕೆ-ಸೀರೀಸ್ ಎಂಜಿನ್, ಅಂದರೆ ಆಲ್ಟೋ ಕೆ10, ವ್ಯಾಗನಾರ್, ಪೆಟ್ರೋಲ್ ಸ್ವಿಫ್ಟ್‌ಗಳಲ್ಲಿ ಬಂದದ್ದು, ಟೈಮಿಂಗ್ ಚೈನ್ ಇರುವಂಥದ್ದು. ಪಂಪ್ ಹೊರಗಿನ ಬೆಲ್ಟಿನಿಂದ ತಿರುಗುತ್ತದೆ. ಹ್ಯುಂಡೈನ 1.2 ಕಪ್ಪಾ ಪೆಟ್ರೋಲ್ ಕೂಡ ಚೈನ್ ಎಂಜಿನ್ನೇ. ಹಳೆ ಸ್ವಿಫ್ಟ್, ಡಿಜೈರ್ ಡೀಸೆಲ್‌ನ 1.3 ಮಲ್ಟಿಜೆಟ್ಟಿನಲ್ಲೂ ಚೈನ್, ಪಂಪ್ ಹೊರಗೆ. ಇಂಥ ಗಾಡಿಗಳಲ್ಲಿ ತಾಳ್ಮೆ ಇದ್ದವರು ಮನೆಯಲ್ಲಿ ಮಾಡಬಹುದು.

ಡಸ್ಟರ್ 1.5 ಡೀಸೆಲ್, ಪೋಲೋ, ವೆಂಟೋ ಡೀಸೆಲ್ ಇವುಗಳಲ್ಲಿ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್. ಪಂಪಿಗೆ ಹೋಗಬೇಕಾದರೆ ಎಂಜಿನ್ ಮೌಂಟ್ ಬಿಚ್ಚಿ, ಕವರ್ ತೆಗೆದು, ಟೈಮಿಂಗ್ ಲಾಕ್ ಹಾಕಿ, ಬೆಲ್ಟ್ ಇಳಿಸಬೇಕು. ವಾಪಸ್ ಹಾಕುವಾಗ ಒಂದು ಹಲ್ಲು ಆಚೀಚೆ ಆದರೂ ವಾಲ್ವು ಪಿಸ್ಟನ್ನಿಗೆ ಬಡಿಯುವ ಅಪಾಯ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಸರಿಯಾದ ಲಾಕಿಂಗ್ ಟೂಲ್ ಇರುವ ಗ್ಯಾರೇಜೇ ಬೇಕು. ಖರ್ಚು ಒಟ್ಟಾರೆ ಹತ್ತು ಸಾವಿರ ದಾಟುವುದು ಸಾಮಾನ್ಯ. ಇಂಥ ಗಾಡಿಯಲ್ಲಿ ಪಂಪು, ಬೆಲ್ಟು, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಮೂರನ್ನೂ ಒಟ್ಟಿಗೆ ಬದಲಿಸಿ. ಅಲ್ಲಿವರೆಗೆ ತಲುಪುವುದಕ್ಕೇ ಮಜೂರಿ ಅಲ್ವಾ? ಎರಡು ಸಲ ಯಾಕೆ ಕೊಡಬೇಕು?

ಪಂಪು ಹೊರಗಿನ ಬೆಲ್ಟಿನಿಂದ ತಿರುಗಿದರೂ ಅದರ ಮೈ ಟೈಮಿಂಗ್ ಕವರಿನ ಹಿಂದೆ ಸಿಕ್ಕಿಕೊಂಡಿರುವ ಎಂಜಿನ್‌ಗಳೂ ಇವೆ, ಹಳೆಯ ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯ. ಪುಲ್ಲಿ ಕಣ್ಣಿಗೆ ಕಾಣುತ್ತದೆ ಅಂತ ಶುರು ಮಾಡಬೇಡಿ. ಪಂಪಿನ ಎಲ್ಲಾ ಬೋಲ್ಟುಗಳೂ ಕಾಣುತ್ತಿವೆಯಾ, ಪಾನಾ ಕೂರುತ್ತದೆಯಾ ನೋಡಿ.

ಲೆಕ್ಕ ಹಾಕೋಣ

ಪಂಪ್ ಹೊರಗಿರುವ ಸಣ್ಣ ಪೆಟ್ರೋಲ್ ಕಾರು ಅಂತ ಇಟ್ಟುಕೊಳ್ಳಿ. ಕೆಳಗಿನವು ಅಂದಾಜು ಸಂಖ್ಯೆಗಳು. ನಿಮ್ಮ ಮಾಡೆಲ್ಲಿಗೆ ಸ್ಪೇರ್ ಅಂಗಡಿಯಲ್ಲಿ ಕೇಳಿ, ಅದನ್ನು ಇಲ್ಲಿ ತುಂಬಿಕೊಳ್ಳಿ.

ಒಳ್ಳೆಯ ಪಂಪ್ 1500 ರೂಪಾಯಿ. ಕೂಲಂಟ್ 800. ಗ್ಯಾಸ್ಕೆಟ್ ಇಲ್ಲವೇ ಸೀಲೆಂಟ್ 150. ಬೆಲ್ಟ್ ಹಳೆಯದಾಗಿದ್ದರೆ 500. ಒಟ್ಟು 2950. ಇದು ನೀವೇ ಮಾಡಿದರೆ ಆಗುವ ಖರ್ಚು, ಪಾನಾ, ಜಾಕ್ ಎಲ್ಲ ಮನೆಯಲ್ಲಿ ಆಗಲೇ ಇದ್ದರೆ.

ಓಣಿಯ ಉಸ್ತಾದನಿಗೆ ಇದೇ ಸಾಮಾನು ಕೊಟ್ಟು 800 ಮಜೂರಿ ಕೊಟ್ಟರೆ 3750.

ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸಾಮಾನು ಸ್ವಲ್ಪ ದುಬಾರಿ. ಪಂಪ್ 2000, ಕೂಲಂಟ್ 1000, ಬೆಲ್ಟ್ 700, ಸಣ್ಣಪುಟ್ಟದ್ದು ಬಿಡಿ. ಲೇಬರ್ 1800 ಅಂದರೆ ಅದರ ಮೇಲೆ 18% ಜಿಎಸ್‌ಟಿ 324. ಸಾಮಾನಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಲೇಬರಿಗೆ ಮಾತ್ರ ಬೇರೆ ಬೀಳುತ್ತದೆ. ಎಸ್ಟಿಮೇಟ್ ಕೇಳುವಾಗ "ಟ್ಯಾಕ್ಸ್ ಸೇರಿ ಎಷ್ಟು?" ಅಂತಲೇ ಕೇಳಿ. ಒಟ್ಟು 5824.

ಈಗ ಹತ್ತಿರದಿಂದ ನೋಡಿ. ಮನೆಗೂ ಓಣಿಯ ಗ್ಯಾರೇಜಿಗೂ ನಡುವೆ 800 ರೂಪಾಯಿ. ಮನೆಗೂ ಕಂಪನಿಗೂ ನಡುವೆ 2874. ನಿಮ್ಮ ಹತ್ತಿರ ಸಾಮಗ್ರಿ ಏನೂ ಇಲ್ಲದಿದ್ದರೆ ಸಾಕೆಟ್ ಸೆಟ್, ಟಾರ್ಕ್ ಪಾನಾ, ಒಂದು ಜೊತೆ ಜಾಕ್ ಸ್ಟ್ಯಾಂಡ್, ಇವಕ್ಕೇ ಐದು ಸಾವಿರ ಬೇಕು. ಸಲಕ್ಕೆ 800 ಉಳಿಸಿ ಐದು ಸಾವಿರ ಎತ್ತಬೇಕಾದರೆ ಆರೇಳು ಪಂಪ್ ಬದಲಿಸಬೇಕು. ಸರಿಯಾಗಿ ನೋಡಿಕೊಂಡ ಪಂಪ್ ಲಕ್ಷ ಕಿಲೋಮೀಟರ್ ಹತ್ತಿರ ಬರುತ್ತದೆ. ಅಂದರೆ ಪಂಪಿಗೋಸ್ಕರ ಮಾತ್ರ ಟೂಲ್ ಕೊಳ್ಳುವುದು ಬುದ್ಧಿವಂತಿಕೆ ಅಲ್ಲ. ಆಯಿಲ್, ಬ್ರೇಕ್ ಪ್ಯಾಡ್, ಬೆಲ್ಟ್ ಎಲ್ಲ ನೀವೇ ಮಾಡುವ ಹುಚ್ಚಿದ್ದರೆ ಮಾತು ಬೇರೆ.

ಓಣಿಯ ಗ್ಯಾರೇಜು 2500ಕ್ಕೆ "ಎಲ್ಲಾ ಸೇರಿ" ಮಾಡಿಕೊಡುತ್ತೇನೆ ಅಂದರೆ ಖುಷಿ ಪಡಬೇಡಿ. ಮೇಲಿನ ಲೆಕ್ಕದಲ್ಲಿ ಸಾಮಾನೇ 2950 ಆಗಿದೆ. ಕಡಿಮೆಯಾದ ದುಡ್ಡು ಎಲ್ಲಿಂದ ಬಂತು? ಹೆಚ್ಚಾಗಿ ಕೂಲಂಟಿನಿಂದ, ಇಲ್ಲವೇ ಪಂಪಿನಿಂದ.

ನಾನು ಹೇಳುವ ದಾರಿ

ಸಾಮಾನು ನೀವು ತನ್ನಿ, ಮಜೂರಿ ಉಸ್ತಾದನಿಗೆ ಕೊಡಿ, ಪಕ್ಕದಲ್ಲಿ ನಿಂತು ನೋಡಿ. ಕಲಬುರಗಿಯಲ್ಲಾಗಲಿ, ಬೀದರ್, ಯಾದಗಿರಿಯಲ್ಲಾಗಲಿ ಹೆಚ್ಚಿನವರಿಗೆ ಇದೇ ಲಾಭ.

ಸ್ಪೇರ್ ಅಂಗಡಿಗೆ ಹೋಗುವಾಗ ಆರ್‌ಸಿಯ ಫೋಟೋ ಇರಲಿ. ಒಂದೇ ಹೆಸರಿನ ಕಾರಿಗೆ ವರ್ಷದ ಪ್ರಕಾರ ಬೇರೆ ಬೇರೆ ಪಂಪ್ ಬರುತ್ತದೆ. ಚಾಸಿಸ್ ನಂಬರ್ ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಎಂಆರ್‌ಪಿ, ತಯಾರಕರ ವಿಳಾಸ, ತಿಂಗಳು ಮತ್ತು ವರ್ಷ ಅಚ್ಚಾಗಿರಬೇಕು. ಪಂಪನ್ನು ಹೊರಗೆ ತೆಗೆದು ಪುಲ್ಲಿಯ ತಟ್ಟೆ ತಿರುಗಿಸಿ. ಎಲ್ಲೂ ಕರಕರ ಅನ್ನಬಾರದು, ಆಟ ಇರಬಾರದು. ಸೀಲಿನ ಕಾರಣಕ್ಕೆ ಸ್ವಲ್ಪ ಬಿಗಿ ಇದ್ದರೆ ಅದು ಸರಿ. ಗ್ಯಾಸ್ಕೆಟ್ ಜೊತೆಗೇ ಬರುತ್ತದಾ ಕೇಳಿ. ಬಿಲ್ ತಗೊಳ್ಳಿ. ಬಿಲ್ ಇಲ್ಲದೆ ವಾಪಸ್ ಮಾತೇ ಇಲ್ಲ.

ಗ್ಯಾರೇಜಿನಲ್ಲಿ ಎರಡು ಮಾತು ಖಂಡಿತ ಕೇಳಿಬರುತ್ತವೆ. ಮೊದಲನೆಯದು: "ಕೂಲಂಟ್ ಯಾಕ್ರಿ ಸರ, ಬರೀ ನೀರ್ ಹಾಕ್ರಿ, ಏನೂ ಆಗಂಗಿಲ್ಲ." ಎರಡನೆಯದು: "ಥರ್ಮೋಸ್ಟಾಟ್ ತೆಗೆದ್ ಬಿಡ್ತೀನ್ರಿ, ನಮ್ ಬಿಸಿಲಿಗೆ ಅದು ಬ್ಯಾಡ."

ಮೊದಲನೆಯದಕ್ಕೆ ಕಾರಣ ಆಗಲೇ ಹೇಳಿದೆ. ಎರಡನೆಯದು ಬಿಸಿ ಊರುಗಳಲ್ಲಿ ಹಳೆಯ ರೂಢಿ. ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಎಂಜಿನ್ ಒಂದು ನಿಗದಿತ ಬಿಸಿಯಲ್ಲಿ ಓಡಬೇಕು ಅಂತಲೇ ಮಾಡಿರುತ್ತಾರೆ. ಥರ್ಮೋಸ್ಟಾಟ್ ತೆರೆಯುವುದು ಹೆಚ್ಚಾಗಿ 82ರಿಂದ 88 ಡಿಗ್ರಿ ಹತ್ತಿರ. ಅದನ್ನು ತೆಗೆದರೆ ಎಂಜಿನ್ ಆ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಕಂಪ್ಯೂಟರ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಕೆಲವು ಎಂಜಿನ್‌ಗಳಲ್ಲಿ ಕೂಲಂಟ್ ರೇಡಿಯೇಟರಿಗೆ ಸರಿಯಾಗಿ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಬೇಸಿಗೆಯಲ್ಲಿ ಮೊದಲಿಗಿಂತ ಬೇಗ ಕಾಯುತ್ತದೆ. ಜಗಳ ಬೇಡ. "ಉಸ್ತಾದ್, ಹೊಸದು ತಂದೀನಿ, ಅದನ್ನೇ ಹಾಕ್ರಿ" ಅಂದರೆ ಸಾಕು. ಥರ್ಮೋಸ್ಟಾಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಮಜೂರಿ ಮೊದಲೇ ಮಾತಾಡಿ: ಹಳೇ ನೀರು ಖಾಲಿ ಮಾಡಿ ತೊಳೆಯುವುದು, ಪಂಪ್ ಹಾಕುವುದು, ಕೂಲಂಟ್ ತುಂಬಿ ಗಾಳಿ ತೆಗೆಯುವುದು, ಎಲ್ಲಾ ಸೇರಿ. ಹಳೇ ಪಂಪ್ ನಿಮಗೇ ಬೇಕು ಅಂತ ಹೇಳಿಬಿಡಿ. ಗುಜರಿಗೆ ಹಾಕುವುದಾದರೂ ನೀವೇ ಹಾಕಿ.

ನೀವೇ ಮಾಡುವುದಾದರೆ

ಬೇಸಿಗೆಯಲ್ಲಾದರೆ ಬೆಳಿಗ್ಗೆ ಆರಕ್ಕೆ ಶುರು ಮಾಡಿ. ಹತ್ತರ ನಂತರ ಪಾನಾ ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಹಿಂದಿನ ರಾತ್ರಿಯೇ ಪಂಪಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬೆಲ್ಟಿಗೆ ಬೀಳದಂತೆ. ಎಂಜಿನ್ ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ. ಮುಖ ಸುಟ್ಟುಕೊಂಡವರ ಕಥೆ ಪ್ರತಿ ಗ್ಯಾರೇಜಿನಲ್ಲೂ ಒಂದಿದೆ.

ಒಂದು ಮುಖ್ಯ ಮಾತು. ನಮ್ಮ ಮನೆಗಳ ಅಂಗಳದಲ್ಲಿ ಶಹಾಬಾದ್ ಫರಸಿ ಜಾಸ್ತಿ. ಅದರ ಮೇಲೆ, ಅದರಲ್ಲೂ ಕೂಲಂಟ್ ಚೆಲ್ಲಿದ ಮೇಲೆ, ಜಾಕ್ ಜಾರುತ್ತದೆ. ದಪ್ಪ ಹಲಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ. ಇಟ್ಟಿಗೆಯ ಮೇಲಂತೂ ಬೇಡವೇ ಬೇಡ.

ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ರೇಡಿಯೇಟರ್ ಕೆಳಗಿನ ಕಾಕ್ ಅಥವಾ ಕೆಳಗಿನ ಪೈಪ್ ಸಡಿಲಿಸಿ, ಅಗಲವಾದ ಬುಟ್ಟಿಯಲ್ಲಿ ಕೂಲಂಟ್ ಹಿಡಿಯಿರಿ. ಎಷ್ಟು ಲೀಟರ್ ಬಂತು ಅಳೆದಿಡಿ, ಆಮೇಲೆ ಬೇಕಾಗುತ್ತದೆ. ಈ ನೀರನ್ನು ಗಟಾರಕ್ಕೆ ಚೆಲ್ಲಬೇಡಿ, ಅಂಗಳದಲ್ಲಿ ತೆರೆದೂ ಇಡಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಓಣಿಯ ನಾಯಿ, ದನ ನೆಕ್ಕಿದರೆ ಸಾಯುತ್ತವೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ದೊಡ್ಡ ಸರ್ವಿಸ್ ಸೆಂಟರಿಗೆ ಕೊಡಿ.

ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆಯಿರಿ. ಪುಲ್ಲಿ ಬೇರೆಯಾಗಿ ಬೋಲ್ಟ್ ಹಾಕಿ ಕೂರಿಸಿದ್ದರೆ, ಬೆಲ್ಟ್ ಇಳಿಸುವ ಮೊದಲೇ ಆ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಬೆಲ್ಟಿನ ಬಿಗಿಯೇ ಪುಲ್ಲಿಯನ್ನು ಹಿಡಿದಿರುತ್ತದೆ. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಸುಮ್ನೆ ಸುತ್ತುತ್ತದೆ, ಬೋಲ್ಟ್ ಬಿಚ್ಚುವುದೇ ಇಲ್ಲ. ಆಮೇಲೆ ಆಲ್ಟರ್ನೇಟರ್ ಸಡಿಲಿಸಿ, ಅಥವಾ ಆಟೋ ಟೆನ್ಷನರ್ ಇದ್ದರೆ ಅದನ್ನು ತಿರುಗಿಸಿ, ಬೆಲ್ಟ್ ಇಳಿಸಿ.

ಪಂಪಿನ ಬೋಲ್ಟುಗಳು ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು, ಬಿಚ್ಚಿದ ಬೋಲ್ಟನ್ನು ಅದೇ ಜಾಗಕ್ಕೆ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ಜಾಗಕ್ಕೆ ಹಾಕಿ ಬಿಗಿದರೆ ಎಂಜಿನ್ನಿನ ಅಲ್ಯೂಮಿನಿಯಂ ಸೀಳುತ್ತದೆ. ಯಾವುದಾದರೂ ಬೋಲ್ಟ್ ಹಟ ಮಾಡಿದರೆ ಉದ್ದ ಪೈಪ್ ಹಾಕಿ ತಿರುಚಬೇಡಿ. ಎಣ್ಣೆ ಹಾಕಿ ಕಾಯಿರಿ, ಸ್ವಲ್ಪ ಬಿಗಿ ಮಾಡಿ ಸ್ವಲ್ಪ ಬಿಚ್ಚಿ, ಹಾಗೆ ಹಿಂದೆ ಮುಂದೆ ಆಡಿಸಿ. 10 ನಂಬರ್ ಪಾನಾದ ಬೋಲ್ಟುಗಳು ಸಣ್ಣವು, ಬೇಗ ತುಂಡಾಗುತ್ತವೆ. ತುಂಡಾದರೆ ಲೇತ್ ಮಿಸ್ತ್ರಿಯನ್ನು ಕರೆಸಬೇಕು, ಉಳಿಸಿದ 800 ಅಲ್ಲಿಗೆ ಹೋಯಿತು.

ಹಳೇ ಪಂಪ್ ಹೊರಗೆ ಬಂದಾಗ ಇನ್ನೊಂದಿಷ್ಟು ಕೂಲಂಟ್ ಬೀಳುತ್ತದೆ. ಹೊಸದನ್ನು ಪಕ್ಕದಲ್ಲಿಟ್ಟು ನೋಡಿ: ತೂತುಗಳ ಜಾಗ, ರೆಕ್ಕೆಗಳ ಎತ್ತರ, ರೆಕ್ಕೆ ಬಾಗಿದ ದಿಕ್ಕು. ಒಂದು ಬೇರೆ ಇದ್ದರೂ ಹಾಕಬೇಡಿ.

ಎಂಜಿನ್ ಕಡೆಯ ಮುಖ ತೊಳೆಯುವುದಕ್ಕೆ ಹೊತ್ತು ಕೊಡಿ. ಹೊಸ ಪಂಪ್ ಹಾಕಿದ ಮೇಲೂ ಸೋರುವ ಗಾಡಿಗಳಲ್ಲಿ ತಪ್ಪು ಹೆಚ್ಚಾಗಿ ಇಲ್ಲೇ ಇರುತ್ತದೆ. ತೂತಿಗೆ ಬಟ್ಟೆ ತುರುಕಿ, ಹಳೇ ಪ್ಯಾಕಿಂಗನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆಯಿರಿ. ಗ್ರೈಂಡರ್ ಬ್ರಷ್ ಬೇಡ, ಅಲ್ಯೂಮಿನಿಯಂ ಗುಳಿ ಬೀಳುತ್ತದೆ.

ಈಗ ಪ್ಯಾಕಿಂಗ್. ರಬ್ಬರ್ ಉಂಗುರ ಇರುವ ಪಂಪಿಗೆ ಸಿಲಿಕಾನ್ ಹಚ್ಚಬಾರದು, ಉಂಗುರಕ್ಕೆ ಸ್ವಲ್ಪ ಕೂಲಂಟ್ ಸವರಿ ಸಾಕು. ಲೋಹದ ಗ್ಯಾಸ್ಕೆಟ್ ಇದ್ದರೆ ಒಣದಾಗಿಯೇ ಹಾಕಿ. ಕಂಪನಿ ಸೀಲೆಂಟ್ ಹೇಳಿದ್ದರೆ ಮಾತ್ರ ಎರಡು ಮೂರು ಮಿಲಿಮೀಟರಿನ ಒಂದೇ ಗೆರೆ, ಬೋಲ್ಟ್ ತೂತುಗಳ ಒಳಬದಿಯಲ್ಲಿ. ಕೈ ತುಂಬಾ ಹಚ್ಚಿದರೆ ಹೆಚ್ಚಾದದ್ದು ಒಳಗೆ ಹಿಂಡಿ, ಚೂರಾಗಿ, ರೇಡಿಯೇಟರಿನ ಸಣ್ಣ ನಾಳಗಳಿಗೆ ಹೋಗಿ ಕಟ್ಟುತ್ತದೆ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಪೂರ್ತಿ ಗಟ್ಟಿಯಾಗಲು ಒಂದು ದಿನ ಹಿಡಿಯುವಂಥವೇ ಜಾಸ್ತಿ.

ಬೋಲ್ಟುಗಳನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ. ಆಮೇಲೆ ಎದುರು ಬದುರು ಸ್ವಲ್ಪ ಸ್ವಲ್ಪ ಬಿಗಿ ಮಾಡಿ. 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 10, 8 ಮಿಲಿಮೀಟರ್ ಬೋಲ್ಟಿಗೆ 20ರಿಂದ 25 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ.

ಬೆಲ್ಟನ್ನು ವಿಪರೀತ ಬಿಗಿ ಮಾಡಬೇಡಿ. ಹೊಸ ಪಂಪಿನ ಬೇರಿಂಗ್ ಬೇಗ ಹೋಗುವುದು ಹೀಗೆ. ಕೈಯಿಂದ ಬಿಗಿ ಮಾಡುವ ಬೆಲ್ಟಾದರೆ ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಕಿರ್ ಅನ್ನುತ್ತದೆ ಅಂತ ಇನ್ನಷ್ಟು ಬಿಗಿಯಬೇಡಿ, ಬೆಲ್ಟ್ ಹಳೆಯದಾಗಿದೆಯಾ ನೋಡಿ.

ತುಂಬುವುದು ಮತ್ತು ಗಾಳಿ ತೆಗೆಯುವುದು

ಮ್ಯಾನುಯಲ್ ಹೇಳಿದ ಕೂಲಂಟನ್ನೇ ತನ್ನಿ. ಬಣ್ಣ ನೋಡಿ ತರಬೇಡಿ. ಒಂದೇ ಬಣ್ಣದ ಎರಡು ಕೂಲಂಟುಗಳು ಒಳಗೆ ಬೇರೆ ಬೇರೆ ಇರಬಹುದು. ಕ್ಯಾನಿನ ಮೇಲೆ ಓದಿ: ರೆಡಿ ಮಿಕ್ಸ್ ಆದರೆ ಹಾಗೇ ಹಾಕಬೇಕು, ಅದಕ್ಕೆ ನೀರು ಬೆರೆಸಿದರೆ ಅರ್ಧ ಕೂಲಂಟ್ ಕಾಲಾಗುತ್ತದೆ. ನೀರು ಬೆರೆಸದ ಕೂಲಂಟ್ (ಕಾನ್ಸಂಟ್ರೇಟ್) ಆದರೆ ಸಮಪಾಲು ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಬಹಳ ಅಗ್ಗ. ಮೊದಲು ಬೋರ್ ನೀರು ಹಾಕಿದ್ದ ಗಾಡಿಯಾದರೆ ಡಿಸ್ಟಿಲ್ಡ್ ವಾಟರಿನಿಂದಲೇ ಒಂದು ಸಲ ತೊಳೆದು ಖಾಲಿ ಮಾಡಿ, ಆಮೇಲೆ ತುಂಬಿ.

ಕಾಕ್ ಮುಚ್ಚಿದ್ದೀರಾ, ಪೈಪಿನ ಕ್ಲಿಪ್ ಕೂತಿದೆಯಾ ನೋಡಿಕೊಂಡು, ಬ್ಯಾಟರಿ ತಂತಿ ಹಾಕಿ, ರೇಡಿಯೇಟರಿಗೆ ನಿಧಾನವಾಗಿ ಸುರಿಯಿರಿ. ಗಬಕ್ಕನೆ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ. ಗಾಳಿ ಬಿಡುವ ಸ್ಕ್ರೂ ಇರುವ ಎಂಜಿನ್ನಾದರೆ ಅದನ್ನು ತೆರೆದಿಡಿ, ಗುಳ್ಳೆ ನಿಂತು ಬರೀ ಕೂಲಂಟ್ ಬಂದಾಗ ಮುಚ್ಚಿ.

ಇನ್ನು ಕಾರಿನ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ಕಲಬುರಗಿಯಲ್ಲಿ ಹೀಟರ್ ಗುಂಡಿ ಮುಟ್ಟಿದವರೇ ಕಡಿಮೆ, ನಗಬೇಡಿ. ಹಲವು ಗಾಡಿಗಳಲ್ಲಿ ಹೀಟರ್ ತೆರೆದಾಗಲೇ ಅದರ ಒಳಗಿನ ನಾಳಕ್ಕೂ ಕೂಲಂಟ್ ಹೋಗಿ ಗಾಳಿ ಹೊರಗೆ ಬರುತ್ತದೆ. ರೇಡಿಯೇಟರ್ ಕ್ಯಾಪ್ ತೆರೆದೇ ಇಟ್ಟು ಎಂಜಿನ್ ಶುರು ಮಾಡಿ. ಮಟ್ಟ ಇಳಿದಂತೆ ಸೇರಿಸುತ್ತಾ ಹೋಗಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆಲೇ ಇಳಿಯಬಹುದು. ಗುಳ್ಳೆ ಪೂರ್ತಿ ನಿಂತು ಕೂಲಂಟ್ ಮೇಲೇಳಲು ಶುರುವಾದರೆ ಕ್ಯಾಪ್ ಹಾಕಿ. ಫ್ಯಾನ್ ಒಂದೆರಡು ಸಲ ಬಂದು ನಿಲ್ಲುವವರೆಗೆ ಕಾಯಿರಿ. ಹೀಟರಿನಿಂದ ಚೆನ್ನಾಗಿ ಬಿಸಿ ಗಾಳಿ ಬರಬೇಕು. ಎಂಜಿನ್ ಕಾದಿದ್ದು ಹೀಟರ್ ತಣ್ಣಗೇ ಇದ್ದರೆ ಒಳಗೆ ಇನ್ನೂ ಗಾಳಿ ಇದೆ.

ಖಾಲಿ ಮಾಡಿದಾಗ ಅಳೆದಿಟ್ಟಿದ್ದ ಲೀಟರ್ ಈಗ ನೆನಪು ಮಾಡಿಕೊಳ್ಳಿ. ನಾಲ್ಕು ಬಂದಿದ್ದು ಮೂರೇ ಹಿಡಿದಿದ್ದರೆ ಉಳಿದ ಒಂದು ಲೀಟರಿನ ಜಾಗದಲ್ಲಿ ಗಾಳಿ ಕೂತಿದೆ.

ಆಮೇಲಿನ ಒಂದು ವಾರ

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮತ್ತು ಅದರ ಪಕ್ಕದ ಬಿಳಿ ಡಬ್ಬಿ (ಹೆಚ್ಚುವರಿ ಕೂಲಂಟ್ ನಿಲ್ಲುವ ಜಾಗ) ಎರಡರ ಮಟ್ಟವನ್ನೂ ನೋಡಿ. ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಮೊದಲ ವಾರ ಊರೊಳಗೇ ಓಡಿಸಿ. ಪಂಪ್ ಹಾಕಿದ ಸಂಜೆಯೇ ಹೈದರಾಬಾದಿಗೆ ಹೊರಡಬೇಡಿ. ನಿಲ್ಲಿಸುವ ಜಾಗದಲ್ಲಿ ರಟ್ಟು ಹಾಕಿದರೆ ಹನಿ ಬಿದ್ದದ್ದು ತಿಳಿಯುತ್ತದೆ. ಏಸಿಯ ನೀರೂ ಬೀಳುತ್ತದೆ, ಅದಕ್ಕೆ ಬಣ್ಣ ಇರುವುದಿಲ್ಲ.

ದಾರಿಯಲ್ಲಿ ಬಿಸಿಯ ಮುಳ್ಳು ಏರಿದರೆ ಅಥವಾ ಕೆಂಪು ದೀಪ ಬಂದರೆ ಏಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಬೆವರು ಕಿತ್ತುಕೊಂಡು ಬರುತ್ತದೆ, ಆದರೆ ಎಂಜಿನ್ನಿನ ಸ್ವಲ್ಪ ಬಿಸಿ ಒಳಗೆ ಬರುತ್ತದೆ. ಅಷ್ಟರಲ್ಲಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. "ಕಮಲಾಪುರ ಹತ್ತಿರಾನೇ ಇದೆ, ಹೋಗಿಬಿಡೋಣ" ಅನ್ನಬೇಡಿ. ಆ ಕೊನೆಯ ಕೆಲವು ಕಿಲೋಮೀಟರಿನಲ್ಲೇ ಹೆಡ್ ಬಾಗುವುದು, ಗ್ಯಾಸ್ಕೆಟ್ ಹೋಗುವುದು. ಅದರ ಬಿಲ್ಲು ಹದಿನೈದು, ಇಪ್ಪತ್ತು ಸಾವಿರಕ್ಕೆ ಹೋಗಬಹುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡುತ್ತದೆ. ಗಂಟೆ ಹೊತ್ತು ಕಾದು, ಕ್ಯಾಪಿಗೆ ದಪ್ಪ ಬಟ್ಟೆ ಹಾಕಿ ನಿಧಾನ ತೆಗೆಯಿರಿ. ಆಗ ಕೈಯಲ್ಲಿರುವ ಕುಡಿಯುವ ನೀರೇ ಗತಿಯಾದರೆ ಹಾಕಿ, ತಪ್ಪಿಲ್ಲ. ಊರಿಗೆ ಬಂದು ಅದನ್ನು ತೆಗೆಸಿ ಕೂಲಂಟ್ ತುಂಬಿಸಿ.

ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿ: ಪಂಪ್ ಹಾಕಿದ ತಾರೀಕು, ಕಿಲೋಮೀಟರ್, ಯಾವ ಕೂಲಂಟ್. ಮುಂದೆ ಯಾರೋ ಸುಮ್ನೆ ಬೇರೆ ಬಣ್ಣದ ಕೂಲಂಟ್ ಸುರಿಯಲು ಬಂದರೆ ಆ ಚೀಟಿ ತೋರಿಸಿ.